ಓದುವವಳ ಕುರ್ಚಿ

ಬಲಗಾಲಿನ ಹೆಬ್ಬೆರಳಿನ ಉಗುರು ಯಾವಾಗಲೂ ಸತಾಯಿಸುತ್ತಿತ್ತು. ಬಿಸಿನೀರಿನಲ್ಲಿ ಎಷ್ಟು ಹೊತ್ತು ನೆನೆದರೂ ಅದೊಂದು ಮಾತ್ರ ಜಪ್ಪಯ್ಯ ಅನ್ನುತ್ತಿರಲಿಲ್ಲ. ದೊಡ್ಡವಳು ಅತ್ತೆಯ ಪಾದವನ್ನು ತನ್ನ ತೊಡೆಯ ಮೇಲಿನ ಟವೆಲ್ಲಿಗೆ ಎತ್ತಿಕೊಂಡು, ನೇಲ್ ಕಟರನ್ನು ಒಂದು ಅಂಚಿನಿಂದ ನಿಧಾನವಾಗಿ ಒಳಕ್ಕೆ ತೂರಿಸಿದಳು. ಅತ್ತೆ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದರು.

"ಬೆರಳು ಉಳಿಸ್ತೀಯೋ ಇಲ್ಲವೋ?"

"ನೀವು ಅಲ್ಲಾಡದಿದ್ರೆ ಉಳಿಯುತ್ತೆ."

ಟಕ್ಕೆಂದು ಉಗುರು ತುಂಡಾಗಿ ಹಾರಿ ಮಂಚದ ಕೆಳಗೆ ಬಿತ್ತು. ಅತ್ತೆಗೆ ಬಗ್ಗಲು ಆಗುತ್ತಿರಲಿಲ್ಲ. ಮಂಡಿ ಹಿಡಿದುಕೊಂಡು ವರ್ಷಗಳಾಗಿದ್ದವು. ಹೀಗಾಗಿ ಉಗುರು ತೆಗೆಯುವ ಕೆಲಸ ಹಿರಿಯ ಸೊಸೆಯಾದ ದೊಡ್ಡವಳ ಪಾಲಿಗೆ ಬಂದಿತ್ತು. ಅವಳಿಗೆ ಅದರಲ್ಲಿ ಬೇಸರವಿರಲಿಲ್ಲ. ಅತ್ತೆಯ ಹತ್ತಿರ ಏನಾದರೂ ಕೇಳುವುದಿದ್ದರೆ ಅದಕ್ಕಿಂತ ಒಳ್ಳೆಯ ಸಮಯವಿಲ್ಲವೆಂದು ಅವಳು ಬಹಳ ಹಿಂದೆಯೇ ಕಂಡುಕೊಂಡಿದ್ದಳು. ಪಾದ ಇನ್ನೊಬ್ಬರ ಕೈಯಲ್ಲಿರುವಾಗ ಯಾರಾದರೂ ಎದ್ದು ಹೇಗೆ ಹೋದಾರು?

"ಅತ್ತೆ, ಚಿಕ್ಕವಳಿಗೆ ಒಂದು ಕೆಲಸ ಸಿಕ್ಕಿದೆ."

"ಯಾವ ಕೆಲಸ? ನೀವಿಬ್ರೂ ವಾರ ವಾರ ಹೋಗಿ ಕಲಿತಾ ಇದೀರಲ್ಲ, ಅದೇನಾ?"

"ಅದೇ. ಸಾಫ್ಟ್‌ವೇರ್ ಕಂಪನಿ. ಬೆಳಿಗ್ಗೆ ಹೋದ್ರೆ ಸಂಜೆ. ಬುಗುರಿ ಶಾಲೆ ಮಧ್ಯಾಹ್ನಕ್ಕೇ ಬಿಟ್ಟುಬಿಡುತ್ತೆ, ಆ ಹೊತ್ತಿಗೆ ನಾನು ಕ್ಲಿನಿಕ್ಕಿಗೆ ಹೊರಟಿರ್ತೀನಿ. ಸಂಜೆ ಚಿಕ್ಕವಳು ಬರೋತನಕ ಮಗು ನಿಮ್ಮ ಹತ್ರ ಇದ್ರೆ..."

ಬುಗುರಿ ಎಂದರೆ ಕಿರಿಯ ಸೊಸೆಯಾದ ಚಿಕ್ಕವಳ ಮಗಳು. ನಿಂತಲ್ಲಿ ನಿಲ್ಲದ ಮಗು. ಹೆಸರಿಟ್ಟವರಿಗೂ ಈಗ ಅದರ ನಿಜವಾದ ಹೆಸರು ಥಟ್ಟನೆ ನೆನಪಾಗುತ್ತಿರಲಿಲ್ಲ.

"ಓಹೋ, ಮಗು ನನ್ನ ತಲೆಗೆ!" ಅತ್ತೆಯ ದನಿ ಏರಿತು. "ನಾನೇನು ಆಯಾನಾ? ಬಾಗಿಲು ತೆಗೆದ್ರೆ ಮೆಟ್ಟಿಲು. ಆ ಮಗು ಓಡಿದ್ರೆ ಹಿಂದೆ ಓಡಿ ಹಿಡಿಯೋರ್ಯಾರು? ಕೇಳೋದಿದ್ರೆ ಬಂದು ಕೇಳೋಕೆ ಅವಳಿಗೇನು ಬಾಯಿಲ್ವಾ? ಹೇಳು ಅವಳಿಗೆ!"

ಹೇಳುತ್ತಲೇ ಅವರು ಕಾಲನ್ನು ಎಳೆದುಕೊಂಡರು. ಬೋಗುಣಿಯ ನೀರು ನೆಲಕ್ಕೆ ತುಳುಕಿತು. ಎಡಗಾಲಿನ ಉಗುರುಗಳು ಹಾಗೆಯೇ ಉಳಿದವು.

ದೊಡ್ಡವಳು ನೆಲ ಒರೆಸಿ, ಕೈ ತೊಳೆದು, ಮೇಲಿನ ಮಹಡಿಗೆ ಹೊರಟಳು. ಒಂದೇ ಕಟ್ಟಡದ ಮೊದಲ, ಎರಡನೇ ಮಹಡಿಗಳಲ್ಲಿ ಒಂದರ ಮೇಲೊಂದು ಎರಡು ಮನೆಗಳು. ಕೆಳಗಿನದರಲ್ಲಿ ಅತ್ತೆಯ ಜೊತೆ ಹಿರಿಮಗ ಮತ್ತು ದೊಡ್ಡವಳು. ಮೇಲಿನದರಲ್ಲಿ ಕಿರಿಮಗ, ಚಿಕ್ಕವಳು, ಬುಗುರಿ. ಅತ್ತೆಗೂ ಚಿಕ್ಕವಳಿಗೂ ಜಗಳವೇನೂ ಇರಲಿಲ್ಲ. ಚಿಕ್ಕವಳು ಕೆಳಗೆ ಬರುತ್ತಿದ್ದಳು, ನಗುತ್ತಿದ್ದಳು, ಮಗುವನ್ನು ಅಜ್ಜಿಯ ಮಡಿಲಲ್ಲಿ ಕೂರಿಸಿ ಎತ್ತಿಕೊಂಡು ಹೋಗುತ್ತಿದ್ದಳು. ಆದರೆ ಏನಾದರೂ ಮಾತಾಡಬೇಕಾಗಿ ಬಂದರೆ ಅದು ದೊಡ್ಡವಳ ಮೂಲಕವೇ ಆಗಬೇಕು. ಅತ್ತೆಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ಚಿಕ್ಕವಳಿಗೆ ಅತ್ತೆಯ ನಾಲಿಗೆ ಕಂಡರೆ ಭಯ. ಮದುವೆಯಾಗಿ ಬಂದ ಹೊಸದರಲ್ಲಿ, "ಅಕ್ಕ, ನೀನೇ ಹೇಳಿಬಿಡು" ಎಂದು ಶುರುವಾದದ್ದು ಹಾಗೇ ನಡೆದುಕೊಂಡು ಬಂದಿತ್ತು.

ಮೆಟ್ಟಿಲು ತಿರುಗುವ ಕಡೆ ಒಂದು ಸಣ್ಣ ಕಿಟಕಿಯಿತ್ತು. ದೊಡ್ಡವಳು ಅಲ್ಲಿಗೆ ಬರುವಷ್ಟರಲ್ಲಿ ಅತ್ತೆಯ ಮಾತುಗಳು ಅವಳ ಬಾಯಲ್ಲಿ ನೆನೆದು ಮೆತ್ತಗಾಗಿರುತ್ತಿದ್ದವು. ಬೇಕೆಂದು ಮಾಡುತ್ತಿದ್ದುದಲ್ಲ. ಅಕ್ಕಿ ಹಿಡಿದಾಗ ಕಣ್ಣು ತಾನಾಗಿ ಕಲ್ಲು ಹುಡುಕುವಂತೆ ಅದೂ ಆಗಿಹೋಗುತ್ತಿತ್ತು.

ಚಿಕ್ಕವಳು ಬಾಗಿಲಲ್ಲೇ ನಿಂತಿದ್ದಳು. ಹಿಂದೆ ಬುಗುರಿ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಸುತ್ತುತ್ತಿತ್ತು.

"ಏನಂದ್ರು ಅಕ್ಕ?"

"ಮೊಮ್ಮಗಳು ಅಂದ್ರೆ ಅವರಿಗೆ ಜೀವ. ಆದ್ರೆ ಕೇಳಿದ ತಕ್ಷಣ ಹೂಂ ಅಂದುಬಿಟ್ರೆ ಅವರು ಅತ್ತೆ ಹೇಗಾದಾರು? ಸ್ವಲ್ಪ ಯೋಚನೆ ಮಾಡ್ಬೇಕಂತೆ."

"ಬೇಡ ಅನ್ನಲಿಲ್ಲ ತಾನೇ?"

"ಬೇಡ ಅಂತ ಎಲ್ಲಂದ್ರು?"

ಅದು ಸುಳ್ಳೂ ಆಗಿರಲಿಲ್ಲ. ಚಿಕ್ಕವಳು ಅವಳ ಎರಡೂ ಕೈ ಹಿಡಿದುಕೊಂಡಳು. "ಸೋಮವಾರ ಕಂಪನಿಯವರಿಗೆ ಉತ್ತರ ಕೊಡ್ಬೇಕಕ್ಕ. ಬುಗುರಿ ಹುಟ್ಟಿದ ಮೇಲೆ ಯಾರಾದ್ರೂ ನನ್ನನ್ನ ಕೆಲಸಕ್ಕೆ ಬಾ ಅಂದಿರೋದು ಇದೇ ಮೊದಲು. ಇದೂ ಹೋದ್ರೆ ಮತ್ತೆ ಕೇಳೋರು ಯಾರೂ ಇಲ್ಲ. ನೀನೊಬ್ಬಳಿಲ್ದಿದ್ರೆ ಈ ಮನೇಲಿ ನನ್ನ ಗತಿ ಏನಾಗ್ತಿತ್ತೋ!"

ಆ ಮಾತು ಕೇಳಿದಾಗಲೆಲ್ಲ ದೊಡ್ಡವಳಿಗೆ ಎದೆಯಲ್ಲಿ ಬೆಚ್ಚಗಾಗುತ್ತಿತ್ತು. ಅವಳಿಗೆ ಮಕ್ಕಳಿರಲಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಸ್ವಾಗತದ ಮೇಜಿನ ಕೆಲಸ. ಅಲ್ಲಿಯೂ ಅದೇ ನಡೆಯುತ್ತಿತ್ತು. ಒಳಗಿನಿಂದ ಡಾಕ್ಟರು, "ಆ ಮಹಾರಾಯ ಹಲ್ಲುಜ್ಜಿ ಎಷ್ಟು ವರ್ಷವಾಯ್ತು ಅಂತ ಕೇಳಿ!" ಎಂದು ಗದರಿದರೆ, ಹೊರಗೆ ಅವಳು, "ಡಾಕ್ಟ್ರು ನಿಮ್ಮ ವಸಡಿನ ಬಗ್ಗೆ ತುಂಬಾ ಯೋಚನೆ ಮಾಡ್ತಿದಾರೆ" ಎನ್ನುತ್ತಿದ್ದಳು. ರೋಗಿ ನಾಚಿಕೊಂಡು ನಗುತ್ತಿದ್ದ. ಮುಂದಿನ ಸಲವೂ ಉಜ್ಜದೆಯೇ ಬರುತ್ತಿದ್ದ.

ಶನಿವಾರ, ಭಾನುವಾರಗಳ ಸಾಫ್ಟ್‌ವೇರ್ ಎಂಜಿನಿಯರಿಂಗ್ ತರಗತಿಗೆ ಸೇರಲು ಮೊದಲು ಆಸೆಪಟ್ಟವಳು ಚಿಕ್ಕವಳು. ಮದುವೆಗೆ ಮುಂಚೆ ಅವಳು ಕಂಪ್ಯೂಟರ್ ಓದಿದ್ದಳು. ಬಿಟ್ಟುಹೋದದ್ದನ್ನು ಮತ್ತೆ ಹಿಡಿಯಬೇಕಿತ್ತು. ಒಬ್ಬಳೇ ಹೋಗಲು ಸಂಕೋಚ, ಹೀಗಾಗಿ ಅಕ್ಕನನ್ನೂ ಎಳೆದಳು. ದೊಡ್ಡವಳು ಜೊತೆಗಿರಲೆಂದು ಹೋದವಳು ಬರಬರುತ್ತಾ ತನಗಾಗಿಯೇ ಹೋಗತೊಡಗಿದಳು. "ಸೊಸೆಯರಿಬ್ಬರೂ ಒಟ್ಟಿಗೆ ಹೊರಗೆ ಹೋದ್ರೆ ನಾನು ಯಾರ ಮೇಲೆ ರೇಗಲಿ?" ಎಂದು ಅತ್ತೆ ಗೊಣಗಿದ್ದರು. ಅದನ್ನು ದೊಡ್ಡವಳು ಮೇಲಕ್ಕೆ ಒಯ್ದಿರಲಿಲ್ಲ.

ಮೊದಲ ವಾರಗಳಲ್ಲಿ ಕಂಪ್ಯೂಟರನ್ನೇ ಮುಟ್ಟಲಿಲ್ಲ. ಟೀಚರು ಎಲ್ಲರ ಕೈಗೂ ದಪ್ಪ ಕಾಗದದ ಕಾರ್ಡುಗಳನ್ನು ಕೊಟ್ಟರು. ನರೆಗೂದಲನ್ನು ಗಂಡಸರ ಹಾಗೆ ಚಿಕ್ಕದಾಗಿ ಕತ್ತರಿಸಿಕೊಂಡಿದ್ದ ಹೆಂಗಸು. ದೊಡ್ಡ ಕಂಪನಿಯೊಂದರಲ್ಲಿ ಜೀವಮಾನವಿಡೀ ಬೇರೆಯವರ ತಪ್ಪು ಹುಡುಕಿ ನಿವೃತ್ತಿಯಾದವರು. "ಅದಕ್ಕೇ ನನಗೆ ಸ್ನೇಹಿತರು ಕಡಿಮೆ" ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ದೊಡ್ಡವಳಿಗೆ ಚೆನ್ನಾಗಿ ಗೊತ್ತಿರುವುದೇ ಇರಲಿ ಎಂದು ತರಗತಿಯವರೆಲ್ಲ ಸೇರಿ ಹಲ್ಲಿನ ಕ್ಲಿನಿಕ್ಕಿನ ವ್ಯವಸ್ಥೆಯನ್ನೇ ಮಾದರಿಗೆ ತೆಗೆದುಕೊಂಡರು. ರೋಗಿ ಒಂದು ಕಾರ್ಡು, ಭೇಟಿಯ ಸಮಯ ಒಂದು ಕಾರ್ಡು, ಕಾಯುವವರ ಸಾಲು ಇನ್ನೊಂದು. ಪ್ರತಿ ಕಾರ್ಡಿನ ಮೇಲೂ ಅದಕ್ಕೆ ಏನು ಗೊತ್ತು, ಅದು ಏನು ಮಾಡಬಲ್ಲದು, ಯಾರನ್ನು ಕೇಳಬೇಕು ಎಂದು ಬರೆಯಬೇಕು. ಆಮೇಲೆ ಒಬ್ಬೊಬ್ಬರು ಒಂದೊಂದು ಕಾರ್ಡು ಹಿಡಿದು ನಿಂತು, ತಾವೇ ಆ ವಸ್ತುವಾಗಿ ಮಾತಾಡಬೇಕು. ಕೈಯಲ್ಲಿ ಚೆಂಡು ಇದ್ದವರಿಗೆ ಮಾತ್ರ ಮಾತು. ಇನ್ನೊಬ್ಬರನ್ನು ಏನಾದರೂ ಕೇಳಬೇಕೆಂದರೆ ಚೆಂಡನ್ನು ಅವರಿಗೆ ಎಸೆಯಬೇಕು.

ದೊಡ್ಡವಳಿಗೆ ರೋಗಿಯ ಕಾರ್ಡು ಬಂದಿತ್ತು. ಜೊತೆಗೆ ಕಲಿಯುತ್ತಿದ್ದ ಔಷಧಿ ಅಂಗಡಿಯವನು ಸಾಲಿನ ಕಾರ್ಡು ಹಿಡಿದಿದ್ದ. ಸೊಂಪಾಗಿ ನಗುವ, ದಪ್ಪ ಮೀಸೆಯ ಗಂಡಸು. ಚೆಂಡು ಅವನ ಕೈಗೆ ಹೋದಾಗಲೆಲ್ಲ ಅವನು ಬಾಯಿ ತೆರೆಯುವ ಮುಂಚೆ ದೊಡ್ಡವಳು ಉತ್ತರ ಕೊಟ್ಟುಬಿಡುತ್ತಿದ್ದಳು.

"ಅದು ನಿಮ್ಮ ಕಾರ್ಡಲ್ಲಿ ಇಲ್ಲ" ಎಂದರು ಟೀಚರು.

"ಆದ್ರೆ ನನಗೆ ಗೊತ್ತಲ್ಲ ಮೇಡಂ."

"ನಿಮಗೆ ಗೊತ್ತು. ರೋಗಿಗೆ ಗೊತ್ತಿಲ್ಲ. ಚೆಂಡೂ ನಿಮ್ಮ ಹತ್ರ ಇಲ್ಲ."

"ನನಗೂ ಸ್ವಲ್ಪ ಬಾಯಿ ಬಿಡೋಕೆ ಬಿಡ್ರಮ್ಮ" ಎಂದು ಔಷಧಿ ಅಂಗಡಿಯವನು ಕೈ ಮುಗಿದ. ಎಲ್ಲರೂ ನಕ್ಕರು. ದೊಡ್ಡವಳೂ ನಕ್ಕಳು.

ಅತ್ತೆಯ ಉಗುರು ಅರ್ಧಕ್ಕೆ ನಿಂತ ಮರುದಿನ ಶನಿವಾರ. ಆ ದಿನ ತರಗತಿಯಲ್ಲಿ ಪರಿಶೀಲನೆ ಇತ್ತು. ಕಂಪ್ಯೂಟರಿಗೆಂದು ಬರೆದ ಸೂಚನೆಗಳನ್ನು, ಅಂದರೆ ಕೋಡನ್ನು, ಯಂತ್ರಕ್ಕೆ ಕೊಡುವ ಮುಂಚೆ ಮನುಷ್ಯರು ಕೂತು ಸಾಲು ಸಾಲಾಗಿ ನೋಡುವ ಕ್ರಮ. ಅದರ ಕಟ್ಟಳೆಗಳನ್ನು ಟೀಚರು ಮೊದಲೇ ವಿವರಿಸಿದ್ದರು. ನಾಲ್ಕು ಕುರ್ಚಿ. ಒಂದರಲ್ಲಿ ಬರೆದವರು, ಅವರು ಬಾಯಿ ತೆರೆಯುವಂತಿಲ್ಲ. ಒಂದರಲ್ಲಿ ಓದುವವರು. ಬರೆದವರನ್ನು ಬಿಟ್ಟು ಬೇರೆಯವರೇ ಓದಬೇಕು, ಅದೂ ಪ್ರತಿ ಸಾಲಿನ ಅರ್ಥವನ್ನು ತಮ್ಮ ಮಾತಿನಲ್ಲಿ ಗಟ್ಟಿಯಾಗಿ ಹೇಳಬೇಕು. ಮೂರನೆಯವರು ಸಿಕ್ಕಿದ ತಪ್ಪುಗಳನ್ನು ಬರೆದುಕೊಳ್ಳುತ್ತಾರೆ. ನಾಲ್ಕನೆಯವರು ನಡೆಸಿಕೊಡುತ್ತಾರೆ.

"ಬರೆದವರೇ ಯಾಕೆ ಓದಬಾರದು?" ಎಂದು ಚಿಕ್ಕವಳು ಕೇಳಿದ್ದಳು.

"ನೀವು ಬರೆದದ್ದನ್ನ ನೀವೇ ಓದಿದ್ರೆ, ಏನು ಬರೀಬೇಕು ಅಂದ್ಕೊಂಡಿದ್ರೋ ಅದನ್ನೇ ಓದ್ತೀರಿ. ಬೇರೆಯವರಾದ್ರೆ ಬರೆದದ್ದನ್ನ ಮಾತ್ರ ಓದ್ತಾರೆ."

ಆ ದಿನ ಪರಿಶೀಲನೆಗೆ ಬಂದದ್ದು ಚಿಕ್ಕವಳು ಬರೆದ ಭಾಗ. ಯಾರಾದರೂ ರೋಗಿ ತಮ್ಮ ಸಮಯವನ್ನು ರದ್ದು ಮಾಡಿದರೆ ಆ ಸಮಯ ಏನಾಗಬೇಕು ಎನ್ನುವುದು. ಓದುವವಳ ಕುರ್ಚಿಯಲ್ಲಿ ದೊಡ್ಡವಳು ಕೂತಳು. ಕುರ್ಚಿ ಉಳಿದವುಗಳಂತೆಯೇ ಇತ್ತು, ಒಂದು ಕಾಲು ಸ್ವಲ್ಪ ಗಿಡ್ಡ. ಎದುರಿಗೆ ಚಿಕ್ಕವಳು ತುಟಿ ಕಚ್ಚಿಕೊಂಡು ಕೂತಿದ್ದಳು. ಕೈಬೆರಳು ಹೆಣೆದುಕೊಂಡಿದ್ದವು. ಆ ಬೆರಳುಗಳನ್ನು ನೋಡಿ ದೊಡ್ಡವಳಿಗೆ ಪಾಪ ಅನ್ನಿಸಿತು.

"ಇಲ್ಲಿ ಒಬ್ಬ ರೋಗಿ ತಮ್ಮ ಸಮಯ ರದ್ದು ಮಾಡ್ತಾರೆ" ಎಂದು ಅವಳು ಶುರುಮಾಡಿದಳು. ದನಿ ಕ್ಲಿನಿಕ್ಕಿನ ಫೋನಿನಲ್ಲಿ ಇರುವಂತೆಯೇ ನಿಧಾನವಾಗಿ, ಇಂಪಾಗಿ ಇತ್ತು. "ಆ ಸಮಯ ಖಾಲಿ ಅಂತ ಗುರುತಾಗುತ್ತೆ. ಕಾಯುವವರ ಸಾಲಲ್ಲಿ ಯಾರೂ ಇಲ್ದಿದ್ರೆ ಕೆಲಸ ಅಲ್ಲಿಗೇ ಮುಗೀತು. ಯಾರಾದ್ರೂ ಇದ್ರೆ, ಸಾಲಿನ ಮೊದಲನೆಯವರನ್ನ ಕೇಳಿ, ಆ ಸಮಯವನ್ನ ಅವರ ಹೆಸರಿಗೆ ಬರೆಯುತ್ತೆ."

ಎಲ್ಲರ ಕೈಯಲ್ಲೂ ಕೋಡಿನ ಪ್ರತಿ ಇತ್ತು. ಆದರೆ ಅವಳು ಓದುತ್ತಿದ್ದರೆ ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಔಷಧಿ ಅಂಗಡಿಯವನು ಬರೆದುಕೊಳ್ಳಲು ಹಿಡಿದ ಪೆನ್ನು ಅಲ್ಲಾಡಲೇ ಇಲ್ಲ. ಕೊನೆಯ ಸಾಲು ಮುಗಿದಾಗ ತಪ್ಪು ಒಂದೂ ಸಿಕ್ಕಿರಲಿಲ್ಲ. "ಕಥೆ ಹೇಳಿದ ಹಾಗಿತ್ತು" ಎಂದ ಅವನು.

ಬಸ್ಸಿನಲ್ಲಿ ಚಿಕ್ಕವಳು ಅವಳ ಭುಜಕ್ಕೆ ಒರಗಿದಳು. "ನೀನು ಓದಿದಾಗ ನನ್ನ ಕೋಡು ನನಗೇ ಚೆನ್ನಾಗಿ ಕಾಣಿಸ್ತಕ್ಕ."

ಭಾನುವಾರ ಬೆಳಿಗ್ಗೆ ಅದೇ ಭಾಗಕ್ಕೆ ಪರೀಕ್ಷೆ. ಸರಿಯಾಗಿದೆ ಎಂದು ತೋರಿಸಲು ಪರೀಕ್ಷೆ ಮಾಡಬೇಡಿ, ಮುರಿಯಲು ಮಾಡಿ ಎನ್ನುವುದು ಟೀಚರ ಬೋಧೆ. ಮುರಿಯುವ ಕೆಲಸ ಆ ದಿನ ಔಷಧಿ ಅಂಗಡಿಯವನದು. ಅವನು ಕಾಯುವವರ ಸಾಲಿಗೆ 'ಹಲ್ಲುನೋವಿನ ಅಜ್ಜಿ' ಎಂದು ಒಬ್ಬರನ್ನು ಸೇರಿಸಿದ. ಇನ್ನೊಬ್ಬ ರೋಗಿಯ ಸಮಯವನ್ನು ರದ್ದು ಮಾಡಿದ. ಪರದೆಯ ಮೇಲೆ ಆ ಸಮಯ ಥಟ್ಟನೆ ಅಜ್ಜಿಯ ಹೆಸರಿಗೆ ಬಂತು. ಅವನು ಗಡಿಯಾರವನ್ನು ಮುಂದಕ್ಕೆ ತಿರುಗಿಸಿದ. ಅಜ್ಜಿಯ ಹೆಸರಿನ ಮುಂದೆ 'ಗೈರು' ಎಂದು ಬಿತ್ತು. ಇನ್ನೊಂದು ರದ್ದು, ಇನ್ನೊಂದು ಗೈರು. ಪದೇ ಪದೇ ತಪ್ಪಿಸಿಕೊಳ್ಳುವವರನ್ನು ಸಾಲಿನಿಂದ ತೆಗೆಯಬೇಕೆಂಬ ನಿಯಮವಿತ್ತು. ಅಜ್ಜಿಯ ಹೆಸರು ಮಾಯವಾಯಿತು.

"ಅಯ್ಯೋ ಪಾಪ!" ಔಷಧಿ ಅಂಗಡಿಯವನು ಮೇಜು ಬಡಿದು ನಕ್ಕ. "ಅಜ್ಜಿಗೆ ಒಂದು ಮಾತು ಯಾರೂ ಹೇಳಿಲ್ಲ! ಅವರು ಮನೇಲಿ ಕೆನ್ನೆ ಹಿಡ್ಕೊಂಡು ಕೂತಿದಾರೆ, ಇಲ್ಲಿ ಬರಲಿಲ್ಲ ಅಂತ ಹೆಸರೇ ಹೊಡೆದುಹಾಕಿದ್ರು!"

ತರಗತಿಯೂ ನಕ್ಕಿತು. ಚಿಕ್ಕವಳ ಕಿವಿ ಕೆಂಪಾಯಿತು. "ಕೇಳಿ ಕೊಡುತ್ತೆ ಅಂತ ಇತ್ತಲ್ಲ? ನಿನ್ನೆ ಅಕ್ಕ ಓದಿದ್ಲಲ್ಲ?" ಎಂದು ಅವಳು ಕೋಡಿನ ಹಾಳೆ ತಿರುವಿದಳು.

ದೊಡ್ಡವಳೂ ತನ್ನ ಹಾಳೆಯನ್ನು ನೋಡಿದಳು. ಆ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಪದ ದಾಟಿಸಿದಳು. ಸಾಲಿನ ಮೊದಲನೆಯವರನ್ನು ತೆಗೆದುಕೊ. ಸಮಯವನ್ನು ಅವರ ಹೆಸರಿಗೆ ಬರೆ. ಅಷ್ಟೇ. ಕೇಳು ಎನ್ನುವುದು ಎಲ್ಲಿಯೂ ಇರಲಿಲ್ಲ.

"ನಾನೇ ಓದಿದ್ದು. ಇಲ್ದೇ ಇರೋದನ್ನ ಓದಿದೀನಿ" ಎಂದಳು.

ಟೀಚರು ರೇಗಲಿಲ್ಲ. "ಎಲ್ಲಿಂದ ಬಂತದು?"

"ಕ್ಲಿನಿಕ್ಕಲ್ಲಿ ಯಾರಾದ್ರೂ ಬರಲ್ಲ ಅಂದ್ರೆ ನಾನು ಮುಂದಿನವರಿಗೆ ಫೋನ್ ಮಾಡಿ ಕೇಳ್ತೀನಿ. ಯಾವಾಗ್ಲೂ ಕೇಳ್ತೀನಿ. ಅದಕ್ಕೇ..."

"ಅದಕ್ಕೇ ನಿಮ್ಮ ಕ್ಲಿನಿಕ್ಕಲ್ಲಿ ಈ ತಪ್ಪು ಯಾವತ್ತೂ ಗೊತ್ತಾಗಿಲ್ಲ" ಎಂದರು ಟೀಚರು. "ನೀವು ಮಧ್ಯೆ ಕೂತು ತುಂಬಿಸ್ತಾ ಇದೀರಿ. ಇಲ್ಲಿ ಒಂದು ತೂತಿದೆ ಅಂತ ಯಾರಿಗೂ ಗೊತ್ತಿಲ್ಲ. ನೀವು ಒಂದು ದಿನ ರಜೆ ಹಾಕಿ ನೋಡಿ." ಆಮೇಲೆ ತಮ್ಮ ಹಾಳೆಯನ್ನೂ ಮಡಚಿಟ್ಟರು. "ನಾನೂ ಅಷ್ಟೇ. ನಿಮ್ಮ ದನಿ ಕೇಳಿಸಿಕೊಂಡೆ, ಹಾಳೆ ನೋಡ್ಲಿಲ್ಲ."

ಬೋರ್ಡಿನ ಮೇಲೆ ಅವರು ಯಾರ ಹೆಸರನ್ನೂ ಬರೆಯಲಿಲ್ಲ. ಗುಣಮಟ್ಟ ನೋಡುವ ಕೆಲಸದಲ್ಲಿ ಯಾರು ಎಂದು ಕೇಳುವ ಪದ್ಧತಿಯಿಲ್ಲ, ತಪ್ಪು ಯಾವ ಬಾಗಿಲಿನಿಂದ ದಾಟಿಹೋಯಿತು ಎಂದು ಕೇಳುತ್ತಾರೆ. 'ಓದುವಾಗ ಸೇರಿಸಿದ್ದು' ಎಂದು ಬರೆದು ಕೆಳಗೊಂದು ಗೆರೆ ಎಳೆದರು. ಚಿಕ್ಕವಳು ಆಗಲೇ ಹೊಸ ಸಾಲು ಬರೆಯಲು ಕೂತಿದ್ದಳು. ತಪ್ಪಾದರೆ ತಿದ್ದುವುದು ಅವಳಿಗೆ ಕಷ್ಟವಿರಲಿಲ್ಲ. ಎಲ್ಲಿ ಎಂದು ತೋರಿಸಿದರೆ ಸಾಕಿತ್ತು.

ಬಸ್ಸಿನಿಂದ ಇಳಿದು ಮನೆಯ ಕಡೆ ನಡೆಯುವಾಗ ಚಿಕ್ಕವಳು ಹಗುರವಾಗಿದ್ದಳು. ಬಟ್ಟೆ ಅಂಗಡಿಯ ಗಾಜಿನ ಮುಂದೆ ನಿಂತು, ಕೆಲಸಕ್ಕೆ ಹೋಗುವಾಗ ಹಾಕಿಕೊಳ್ಳಲು ಎಂತಹ ಬಟ್ಟೆ ಬೇಕು ಎಂದು ಮಾತಾಡಿದಳು. "ನಾಳೆ ಬೆಳಿಗ್ಗೇನೇ ಫೋನ್ ಮಾಡಿ ಬರ್ತೀನಿ ಅಂದುಬಿಡ್ತೀನಕ್ಕ. ಅತ್ತೆ ಯೋಚನೆ ಮಾಡ್ತೀನಿ ಅಂದ್ರೆ ಒಪ್ಪಿದ ಹಾಗೇ ಅಲ್ವಾ?"

ದೊಡ್ಡವಳ ಬೆರಳು ಇನ್ನೂ ಆ ಸಾಲಿನ ಮೇಲೆಯೇ ಇದ್ದಂತಿತ್ತು. ನಡೆಯುತ್ತಲೇ ಅವಳು ಶುಕ್ರವಾರದ ಅತ್ತೆಯ ಮಾತುಗಳನ್ನು ಎದುರಿಗಿಟ್ಟುಕೊಂಡು, ಏನನ್ನೂ ಸೇರಿಸದೆ, ಏನನ್ನೂ ತೆಗೆಯದೆ ಓದಲು ನೋಡಿದಳು. ನಾನೇನು ಆಯಾನಾ? ಅದು ಸಿಟ್ಟು, ಸರಿ. ಬಾಗಿಲು ತೆಗೆದ್ರೆ ಮೆಟ್ಟಿಲು. ಅದು ಸಿಟ್ಟಲ್ಲ. ಇದ್ದ ಸಂಗತಿ. ಓಡಿದ್ರೆ ಹಿಂದೆ ಓಡಿ ಹಿಡಿಯೋರ್ಯಾರು? ಅದು ಪ್ರಶ್ನೆ. ಉತ್ತರ ಬೇಕಾದ ಪ್ರಶ್ನೆ. ಯಾರೂ ಉತ್ತರಿಸಿರಲಿಲ್ಲ. ಈಚೆಗೆ ಅತ್ತೆ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಂಡು ಹೋಗುತ್ತಿದ್ದುದು ಅವಳ ಕಣ್ಣಿಗೆ ಬಂತು. ಗೋಡೆಯ ಮೇಲೆ ಅಂಗೈ ತಗುಲಿ ಉದ್ದಕ್ಕೂ ಮಾಸಿದ ಪಟ್ಟಿ ಬಿದ್ದಿತ್ತು. ಅದನ್ನು ಅವಳು ಒದ್ದೆ ಬಟ್ಟೆಯಿಂದ ಒರೆಸಿಯೂ ಇದ್ದಳು.

ಬಂದು ಕೇಳೋಕೆ ಅವಳಿಗೇನು ಬಾಯಿಲ್ವಾ? ಅದನ್ನು ಅವಳು ಚುಚ್ಚುಮಾತೆಂದೇ ತಿಳಿದಿದ್ದಳು. ಚುಚ್ಚುಮಾತೂ ಹೌದು. ಆದರೆ ಅದರೊಳಗೆ ಬರೆದಿದ್ದದ್ದು, ಅವಳು ಬಂದು ಕೇಳಲಿ ಎಂದು. ಮುದುಕಿ ಒಲ್ಲೆ ಎಂದಿರಲಿಲ್ಲ. ಬಿದ್ದರೆ ಎಂಬ ಹೆದರಿಕೆಯನ್ನು ತಮಗೆ ಬರುವ ಒಂದೇ ದನಿಯಲ್ಲಿ ಹೇಳಿದ್ದರು. ಮುಳ್ಳು ಕೀಳುವ ಭರದಲ್ಲಿ ತಾನು ಹೆದರಿಕೆಯನ್ನೂ ಕಿತ್ತುಹಾಕಿ, ಬರಿದಾದ ಮಾತನ್ನು ಮೇಲಕ್ಕೆ ಒಯ್ದಿದ್ದೆ ಎಂದು ದೊಡ್ಡವಳಿಗೆ ತಿಳಿಯಿತು. ನಾಳೆ ಚಿಕ್ಕವಳು ಕೆಲಸಕ್ಕೆ ಬರುತ್ತೇನೆ ಎನ್ನುತ್ತಾಳೆ. ಮಧ್ಯಾಹ್ನಗಳಲ್ಲಿ ಬಾಗಿಲಾಚೆ ಮೆಟ್ಟಿಲಿರುತ್ತದೆ, ಒಳಗೆ ಬುಗುರಿ ಸುತ್ತುತ್ತಿರುತ್ತದೆ, ಅತ್ತೆ ಗೋಡೆ ಹಿಡಿದುಕೊಂಡಿರುತ್ತಾರೆ. ಕೇಳದೆಯೇ ಅವರ ಹೆಸರಿಗೆ ಆ ಸಮಯ ಬರೆದುಹೋಗಿರುತ್ತದೆ.

ಮೆಟ್ಟಿಲ ತಿರುವಿನ ಕಿಟಕಿಯ ಹತ್ತಿರ ಅವಳು ಚಿಕ್ಕವಳ ತೋಳು ಹಿಡಿದು ನಿಲ್ಲಿಸಿದಳು.

"ಶುಕ್ರವಾರ ಅತ್ತೆ ಅಂದದ್ದು ಅದಲ್ಲ ಕಣೇ."

"ಯಾವುದಲ್ಲ?"

"ಯೋಚನೆ ಮಾಡ್ಬೇಕು ಅಂದದ್ದು. ಅದು ನಾನು ಹೇಳಿದ್ದು. ಅವರು ಅಂದದ್ದು ಹೀಗೆ." ದನಿ ಏರಿಸದೆ ಇಳಿಸದೆ ಅವಳು ಅತ್ತೆಯ ಮಾತುಗಳನ್ನು ಇದ್ದ ಹಾಗೆ ಹೇಳಿದಳು. ಆಯಾ, ಮೆಟ್ಟಿಲು, ಬಾಯಿ, ಎಲ್ಲವನ್ನೂ. ಹೇಳುವಾಗ ಪಾಪ ಎಂಬ ಪದ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು.

ಚಿಕ್ಕವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ನೊಂದ್ಕೋತೀಯ ಅಂತ."

"ಈಗ ನೊಂದ್ಕೊಳಲ್ವಾ? ನಾಳೆ ಫೋನ್ ಮಾಡಿದ ಮೇಲೆ ಗೊತ್ತಾಗಿದ್ರೆ?" ಅವಳು ತಲೆಯೆತ್ತಿ ನೋಡಿದಳು. "ಇಷ್ಟು ವರ್ಷ ನೀನು ತಂದ ಮಾತೆಲ್ಲಾ ಹೀಗೇನಾ?"

"ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ."

"ನಾನಂದದ್ದೂ ಕೆಳಗೆ ಹೀಗೇ ಹೋಗ್ತಿತ್ತಾ?"

"ಹೂಂ."

"ಅವರಿಗೆ ಸ್ವೆಟರ್ ಹೆಣೆದು ಕೊಟ್ಟಿದ್ನಲ್ಲ. ತುಂಬಾ ಚೆನ್ನಾಗಿದೆ ಅಂದ್ರು ಅಂತ ನೀನು ಬಂದು ಹೇಳಿದ್ಯಲ್ಲ?"

"ತೋಳು ಉದ್ದ, ನಾನೇನು ಕೋತಿನಾ ಅಂದಿದ್ರು."

ಚಿಕ್ಕವಳು ಹಣೆ ಚಚ್ಚಿಕೊಂಡಳು. "ಅದಕ್ಕೇ ಒಂದು ದಿನಾನೂ ಹಾಕ್ಕೊಂಡಿಲ್ಲ! ಹೇಳಿದ್ರೆ ಬಿಚ್ಚಿ ಸರಿಮಾಡಿ ಕೊಡ್ತಿದ್ನಲ್ಲಕ್ಕ! ನಾನು ಕೊಟ್ಟದ್ದು ಅಂತ ಹಾಕ್ಕೊಳಲ್ಲ ಅಂದ್ಕೊಂಡು ಎಷ್ಟು ಅತ್ತಿದೀನಿ ಗೊತ್ತಾ?"

ದೊಡ್ಡವಳಿಗೆ ಅದು ಗೊತ್ತಿರಲಿಲ್ಲ. ಅವಳ ಮುಂದೆ ಯಾರೂ ಅಳುತ್ತಿರಲಿಲ್ಲ. ಅಳುವಂಥದ್ದನ್ನು ಅವಳು ತರುತ್ತಲೇ ಇರಲಿಲ್ಲವಲ್ಲ.

ಚಿಕ್ಕವಳು ಎದ್ದು, ಅವಳನ್ನು ನೋಡದೆ ಮೇಲೆ ಹೊರಟಳು. ದೊಡ್ಡವಳು ಕೆಳಗಿನಿಂದ ಹೇಳಿದಳು: "ಅತ್ತೆಯ ಎಡಗಾಲಿನ ಉಗುರು ಹಾಗೇ ಉಳಿದಿದೆ. ಬೋಗುಣಿ ಬಚ್ಚಲಲ್ಲಿದೆ. ನಾನು ತರ್ಕಾರಿ ತರೋಕೆ ಹೋಗ್ತೀನಿ."

ಮೇಲಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಮನೆಯಲ್ಲಿ ತರಕಾರಿ ಬೇಕಾದಷ್ಟಿತ್ತು. ಆದರೂ ಅವಳು ಚೀಲ ಹಿಡಿದು ಹೊರಟಳು. ಬೇಡದ ಬದನೆಕಾಯಿಯನ್ನು ಒಂದೊಂದೇ ತಿರುಗಿಸಿ ನೋಡಿ ಕೊಂಡಳು. "ಏನಮ್ಮ, ಹೆಣ್ಣು ನೋಡೋಕೆ ಬಂದ ಹಾಗೆ ನೋಡ್ತಿದೀರಲ್ಲ?" ಎಂದಳು ತರಕಾರಿಯವಳು. ದೊಡ್ಡವಳಿಗೂ ನಗು ಬಂತು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ಹತ್ತಬೇಕಾಗಿಲ್ಲದ ಬಸ್ಸುಗಳನ್ನು ನೋಡಿದಳು. ಮನೆಯಲ್ಲಿ ಏನಾಗುತ್ತಿದೆಯೋ ಎಂಬ ಯೋಚನೆ ಬಿಡಲಿಲ್ಲ. ಅದರ ಅಡಿಯಲ್ಲಿ ಇನ್ನೊಂದು ಸಣ್ಣ ನೋವು ಇತ್ತು. ನೀನೊಬ್ಬಳಿಲ್ಲದಿದ್ದರೆ ಎಂದು ಇನ್ನು ಮುಂದೆ ಯಾರೂ ಹೇಳಲಾರರು. ಆ ಮಾತಿನ ಬಿಸಿಯಲ್ಲಿ ಅವಳು ಎಷ್ಟು ಚಳಿ ಕಳೆದಿದ್ದಳು ಎನ್ನುವುದು ಅವಳಿಗಷ್ಟೇ ಗೊತ್ತಿತ್ತು. ಮಧ್ಯೆ ನಿಂತವಳ ಜಾಗ ಬಿಟ್ಟರೆ ಆ ಮನೆಯಲ್ಲಿ ತನ್ನ ಜಾಗ ಯಾವುದು ಎಂದು ಅವಳು ಯೋಚಿಸಿದಳು. ಬಿಸಿಲು ಇಳಿಯುವಾಗ ಎದ್ದಳು.

ಮೆಟ್ಟಿಲ ಬುಡದಲ್ಲೇ ದನಿಗಳು ಕೇಳಿಸಿದವು. ಅತ್ತೆಯ ಮನೆಯ ಬಾಗಿಲು ಎಂದಿನಂತೆ ಗಾಳಿಗೆಂದು ಅರ್ಧ ತೆರೆದಿತ್ತು. ಅವಳು ಸದ್ದಿಲ್ಲದೆ ಹತ್ತಿ ಸಂದಿಯಿಂದ ನೋಡಿದಳು. ಅತ್ತೆ ಕುರ್ಚಿಯಲ್ಲಿದ್ದರು. ಚಿಕ್ಕವಳು ನೆಲದ ಮೇಲೆ ಕೂತು ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಬುಗುರಿ ಬೋಗುಣಿಯ ನೀರಿನಲ್ಲಿ ತನ್ನ ಎರಡೂ ಕಾಲು ಇಳಿಬಿಟ್ಟಿತ್ತು.

"ಮೆಟ್ಟಿಲ ಬಾಯಿಗೆ ಒಂದು ಗೇಟು ಹಾಕಿಸದೇ ನಾನು ಒಪ್ಪೋಳಲ್ಲ" ಎನ್ನುತ್ತಿದ್ದರು ಅತ್ತೆ. "ಅಲ್ಲೀತನಕ ಯಾವ ಕೆಲಸಾನೂ ಇಲ್ಲ, ಗಿಲಸಾನೂ ಇಲ್ಲ."

"ಹಾಕಿಸ್ತೀನಿ. ಗೇಟಾದ ಮೇಲೆ ಬರ್ತೀನಿ, ಒಂದು ವಾರ ಕೊಡಿ ಅಂತ ಕಂಪನಿಯವರನ್ನ ಕೇಳ್ತೀನಿ. ಆದ್ರೆ ನಿಮ್ಮ ಮಂಡಿ ಡಾಕ್ಟರಿಗೆ ತೋರಿಸ್ಬೇಕು."

"ನನ್ನ ಮಂಡಿ ಉಸಾಬರಿ ನಿನಗ್ಯಾಕೆ?"

"ನನ್ನ ಮಗಳು ಕೂರೋದು ಅದರ ಮೇಲೇ ಅಲ್ವಾ? ಅದಕ್ಕೆ."

ಬಾಗಿಲ ಹೊರಗೆ ದೊಡ್ಡವಳ ಬಾಯಲ್ಲಿ ಮಾತು ಸಿದ್ಧವಾಗಿತ್ತು: ಅವಳು ಹಾಗಲ್ಲ ಅತ್ತೆ ಅಂದದ್ದು, ನಿಮ್ಮ ಮೇಲಿನ ಕಾಳಜಿಗೆ... ಒಳಗೆ ಟಕ್ಕೆಂದು ಉಗುರು ತುಂಡಾಯಿತು.

"ನಾಲಿಗೆ ಉದ್ದ ಇದೆ ನಿನಗೆ" ಎಂದರು ಅತ್ತೆ. "ನೀನು ಹೆಣೆದ ಸ್ವೆಟರಿನ ತೋಳಿದ್ದ ಹಾಗೆ."

"ಕೊಡಿ ಇಲ್ಲಿ ಅದನ್ನ, ಬಿಚ್ಚಿ ಹಾಕ್ತೀನಿ. ಅಲ್ಲಾಡ್ಬೇಡಿ ಅತ್ತೆ!"

"ಮೆಲ್ಲಗೆ ಕಣೇ! ಅಯ್ಯೋ... ದೊಡ್ಡವಳೇ, ಬಂದ್ಯಾ? ಚೀಲದ ಸದ್ದು ಕೇಳಿಸ್ತು. ಬಾ ಇಲ್ಲಿ, ಹೇಳು ಇವಳಿಗೆ!"

ದೊಡ್ಡವಳ ಬಲಗಾಲು ಹೊಸ್ತಿಲ ಕಡೆಗೆ ಹೊರಟೇಬಿಟ್ಟಿತ್ತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಚೀಲವನ್ನು ಮೆಟ್ಟಿಲ ಮೇಲಿಟ್ಟು, ಅದರ ಪಕ್ಕದಲ್ಲಿ ಕೂತಳು. ಅತ್ತೆ ಇನ್ನೊಂದು ಸಲ ಕರೆದರು. ಅವರು ಮತ್ತೂ ಒಂದು ಸಲ ಕರೆಯಬಹುದು. ಕರೆದರೂ ಹೋಗುವುದಿಲ್ಲ. ಈ ದಿನ ಇಲ್ಲ, ನಾಳೆ ಚಿಕ್ಕವಳು ಮೇಲಿನಿಂದ ಕೂಗಿದರೂ ಇಲ್ಲ. ಈ ಮೆಟ್ಟಿಲುಗಳನ್ನು ಇನ್ನು ಬರಿಗೈಯಲ್ಲೋ ತರಕಾರಿ ಹಿಡಿದೋ ಹತ್ತಿ ಇಳಿಯುವುದು, ಯಾರ ಮಾತನ್ನೂ ಹೊತ್ತಲ್ಲ. ಇದನ್ನು ಅವರಿಬ್ಬರಿಗೂ ಹೇಳಬೇಕಾಗಿಲ್ಲ. ಗೊತ್ತಾದಾಗ ಆಗುತ್ತದೆ.

ಒಳಗೆ ಬುಗುರಿ ಬೋಗುಣಿಯಿಂದ ಎದ್ದು ಒದ್ದೆ ಕಾಲಿನಲ್ಲಿ ಓಡಿದ ಸದ್ದು, ಹಿಡಿ ಅದನ್ನ ಎಂದು ಇಬ್ಬರೂ ಒಟ್ಟಿಗೆ ಕೂಗಿದ ಸದ್ದು ಕೇಳಿಸಿತು. ಮಗು ಬಾಗಿಲು ದಾಟಿ ನೇರವಾಗಿ ಅವಳ ಬೆನ್ನಿಗೆ ಬಂದು ಬಿತ್ತು. ಅವಳು ಕೈ ಹಿಂದಕ್ಕೆ ಚಾಚಿ ಅದನ್ನು ಮಡಿಲಿಗೆಳೆದುಕೊಂಡು, ತುಟಿಯ ಮೇಲೆ ಬೆರಳಿಟ್ಟು, ಒಂದು ಬದನೆಕಾಯಿಯನ್ನು ಅದರ ಕೈಗೆ ಕೊಟ್ಟಳು.